ಶರಣರನ್ನು ಉಳಿಸಿದ ಕಾಡು

ಉಳವಿ ಎಂಬ ಹೆಸರಿಗೆ ಹಿರಿಯರು ಹೇಳುತ್ತ ಬಂದ ಅರ್ಥ ಸರಳವಾಗಿದೆ. ಉಳಿವಿಗಾಗಿ ಬಂದ ಜಾಗ ಉಳವಿ. 12ನೇ ಶತಮಾನದಲ್ಲಿ ಕಲ್ಯಾಣದಲ್ಲಿ ಕ್ರಾಂತಿ ನಡೆದು ಶರಣರ ಮೇಲೆ ಕತ್ತಿ ಎತ್ತಿದಾಗ, ವಚನದ ಕಟ್ಟುಗಳನ್ನು ತಲೆಯ ಮೇಲೆ ಹೊತ್ತು, ಅವಿರಳ ಜ್ಞಾನಿ ಚನ್ನಬಸವಣ್ಣನವರು ಮತ್ತು ತಾಯಿ ಅಕ್ಕನಾಗಮ್ಮನವರು ಶರಣರ ಸಮೂಹದೊಂದಿಗೆ ಪಡುವಣ ದಿಕ್ಕಿನ ಈ ಕಾಡಿಗೆ ಬಂದರೆಂದು ಪರಂಪರೆ ನಂಬಿದೆ. ಬೆನ್ನಟ್ಟಿ ಬಂದ ಸೈನ್ಯಕ್ಕೆ ಊರು ಗೊತ್ತಿತ್ತು, ಹಾದಿ ಗೊತ್ತಿತ್ತು, ಕಾಡು ಗೊತ್ತಿರಲಿಲ್ಲ. ಹಗಲಿನಲ್ಲೂ ಬಿಸಿಲು ನೆಲಕ್ಕೆ ಬೀಳದ ಮರಗಳ ನಡುವೆ ಶರಣರು ಗವಿ ಸೇರಿದರು. ಅಕ್ಕನಾಗಮ್ಮನ ಗವಿ, ಮಹಾಮನೆ ಗವಿ ಎಂದು ಇಂದಿಗೂ ಭಕ್ತರು ದರ್ಶನ ಮಾಡುವ ಕಲ್ಲಿನ ಮನೆಗಳು ಅವೇ.

ಶ್ರೀ ಕ್ಷೇತ್ರಕ್ಕೆ ಬಂದ ಸದ್ಭಕ್ತರು ಗದ್ದುಗೆಗೆ ಹಣೆ ಹಚ್ಚುತ್ತಾರೆ. ಗವಿಗೆ ಇಳಿದು ಊದಿನಕಡ್ಡಿ ಬೆಳಗುತ್ತಾರೆ. ತೇರಿಗೆ ಉತ್ತತ್ತಿ, ಬಾಳೆಹಣ್ಣು ಎಸೆಯುತ್ತಾರೆ. ಆದರೆ ಶರಣರನ್ನು ಸೆರಗಿನಲ್ಲಿ ಮುಚ್ಚಿಟ್ಟ ಆ ಕಾಡಿಗೆ ಕೈ ಮುಗಿಯುವವರು ಎಷ್ಟು ಮಂದಿ? ಬಸ್ಸಿನ ಕಿಟಕಿಯಾಗ ಅದು ಹಸಿರು ಗೋಡೆ ಕಂಡಂಗ ಕಾಣತದ, ಹಿಂದಕ್ಕ ಹೋಗತದ, ಅಷ್ಟ.

ಆಶ್ರಯ ಬೇಡಿ ಬಂದವರನ್ನು ಈ ಕಾಡು ಎಂದೂ ಬಿಟ್ಟುಕೊಟ್ಟಿಲ್ಲ. ಶರಣರ ಕಾಲ ಕಳೆದು ಶತಮಾನಗಳ ಮೇಲೆ, ಪೋರ್ಚುಗೀಸರು ಆಫ್ರಿಕಾದಿಂದ ಹಡಗಿನಲ್ಲಿ ಹೇರಿ ತಂದು ಗೋವೆಯಲ್ಲಿ ಗುಲಾಮರನ್ನಾಗಿ ಮಾಡಿದ ಜನರಲ್ಲಿ ಅನೇಕರು ಸರಪಳಿ ಕಳಚಿಕೊಂಡು ಘಟ್ಟ ಹತ್ತಿದರು. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೋಯಿಡಾ ಕಾಡಿನಲ್ಲಿ ಇಂದು ನೆಲೆನಿಂತಿರುವ ಸಿದ್ದಿ ಬಂಧುಗಳು ಅವರ ಸಂತತಿ. 1966ರಲ್ಲಿ ನಾಡು ಕಳೆದುಕೊಂಡು ಬಂದ ಟಿಬೇಟಿನ ಜನರಿಗೆ ಮುಂಡಗೋಡದ ಕಾಡಿನ ಭೂಮಿಯಲ್ಲೇ ನೆಲೆ ಸಿಕ್ಕಿತು. ಕಲ್ಯಾಣದಿಂದ ಬಂದವರು, ಆಫ್ರಿಕಾದಿಂದ ಬಂದವರು, ಹಿಮಾಲಯದಿಂದ ಬಂದವರು, ಎಲ್ಲರಿಗೂ ಒಂದೇ ತಾಯಿಯ ಮಡಿಲು. ಯಾವ ಜಾತಿ, ಯಾವ ಕುಲ ಎಂದು ಈ ಕಾಡು ಕೇಳಲಿಲ್ಲ. ಶರಣರು ಬಾಯಲ್ಲಿ ಹೇಳಿದ್ದನ್ನು ಕಾಡು ಬಾಯಿಲ್ಲದೆ ಮಾಡಿತು.

ಆ ತಾಯಿಯ ಗತಿ ಏನಾಗಿದೆ ಎಂಬುದನ್ನು ಈಗ ನೋಡಬೇಕು.

ಧಾರವಾಡದ ಕಡೆಯಿಂದ ಚಕ್ಕಡಿ ಹೂಡಿಕೊಂಡು ಬರುವ ಭಕ್ತರು ಹಾದಿಯಲ್ಲಿ ಎರಡು ಕಾಡು ದಾಟುತ್ತಾರೆ. ಹಳಿಯಾಳದ ಸುತ್ತ ಇರುವುದು ಎಲೆ ಉದುರುವ ಕಾಡು. ಸಾಗವಾನಿ, ಮತ್ತಿ, ಹೊನ್ನೆ, ನಂದಿ, ಕಿಂದಳ, ಬೀಟೆ, ನಡುನಡುವೆ ಬಿದಿರು. ಮುಂಡಗೋಡದ ಕಡೆ ಇದು ಇನ್ನೂ ಒಣಗಿರುತ್ತದೆ. ದಾಂಡೇಲಿ ದಾಟಿ ಜೋಯಿಡಾ ಸೀಮೆಯ ಘಟ್ಟ ಹೊಕ್ಕ ಮೇಲೆ ಗಾಳಿ ತಂಪಾಗುತ್ತದೆ, ಎಲೆಯ ಬಣ್ಣ ಕಪ್ಪು ಹಸಿರಿಗೆ ತಿರುಗುತ್ತದೆ. ಅದು ವರ್ಷವಿಡೀ ಎಲೆ ಹೊತ್ತು ನಿಲ್ಲುವ ಕಾಡು. ನೇರಳೆ, ಮುರುಗಲು, ಬೈನೆ, ರಾಮಪತ್ರೆ ಬೆಳೆಯುವ ಕಾಡು. ಒಣ ಕಾಡಿಗೂ ಹಸಿ ಕಾಡಿಗೂ ನಡುವೆ ಗೆರೆ ಹಾಕಿದವನು ಪರಮಾತ್ಮ, ಮಳೆಯ ಕೈಯಿಂದ. ಆದರೆ ಕಳೆದ ಇನ್ನೂರು ವರ್ಷಗಳಲ್ಲಿ ಆ ಗೆರೆಯನ್ನು ಅಳಿಸಿ ಬರೆದದ್ದು ಮನುಷ್ಯ. ಕೊಡಲಿಯಿಂದ ಒಂದಿಷ್ಟು, ಬೆಂಕಿಯಿಂದ ಒಂದಿಷ್ಟು.

1799ರಲ್ಲಿ ಟಿಪ್ಪು ಸುಲ್ತಾನ ಮಡಿದ ಮೇಲೆ ಕೆನರಾ ಸೀಮೆ ಇಂಗ್ಲಿಷರ ವಶವಾಯಿತು. ಅವರ ಕಣ್ಣಿಗೆ ಮೊದಲು ಬಿದ್ದದ್ದು ಸಾಗವಾನಿ. ಹಡಗು ಕಟ್ಟಲು ಇದಕ್ಕಿಂತ ಒಳ್ಳೆಯ ಕಟ್ಟಿಗೆ ಇಲ್ಲ. ಕಾಳಿ ನದಿಯ ದಂಡೆಯ ದೊಡ್ಡ ದೊಡ್ಡ ಮರಗಳನ್ನು ಉರುಳಿಸಿ, ಹೊಳೆಯಲ್ಲೇ ತೇಲಿಸಿ ಕರಾವಳಿಗೆ ಇಳಿಸಿ, ಮುಂಬಯಿಯ ಹಡಗುಕಟ್ಟೆಗೆ ಒಯ್ದರು. ನದಿ ಹತ್ತಿರದ ಮರ ತೀರಿದಂತೆ ಕೊಡಲಿ ಒಳಗೊಳಗೆ ಬಂತು. ಆ ಮೇಲೆ ರೈಲು ಬಂತು. 1880ರ ದಶಕದಲ್ಲಿ ಕ್ಯಾಸಲ್‌ರಾಕ್ ಮೂಲಕ ಗೋವೆಗೆ ಹಳಿ ಹಾಕಿದಾಗ ಹಳಿಯ ಕೆಳಗೆ ಹಾಸಲು ಕಟ್ಟಿಗೆಯ ದಿಮ್ಮಿ ಬೇಕಾಯಿತು. 20ನೇ ಶತಮಾನದ ಆರಂಭದಲ್ಲಿ ಅಳ್ನಾವರದಿಂದ ದಾಂಡೇಲಿಯ ತನಕ ಒಂದು ಹಳಿಯನ್ನೇ ಎಳೆದರು. ಭಕ್ತರನ್ನು ಉಳವಿಗೆ ತರಲಿಕ್ಕೆ ಎಳೆದ ಹಳಿ ಅಲ್ಲ ಅದು. ನಾಟಾ ಹೊರಗೆ ಸಾಗಿಸಲಿಕ್ಕೆ.

ಇಲ್ಲಿ ಬೆಂಕಿಯ ಕಥೆ ಶುರುವಾಗುತ್ತದೆ, ಇದನ್ನು ಸಮಾಧಾನದಿಂದ ಕೇಳಬೇಕು. ಈ ಘಟ್ಟದ ಕುಣಬಿ ಮೊದಲಾದ ಜನ ಕುಮರಿ ಬೇಸಾಯ ಮಾಡುತ್ತಿದ್ದರು. ಗುಡ್ಡದ ಒಂದು ತುಂಡು ಕಾಡು ಕಡಿದು, ಒಣಗಿಸಿ, ಮಳೆಗಾಲಕ್ಕೆ ಮುಂಚೆ ಸುಟ್ಟು, ಆ ಬೂದಿಯಲ್ಲಿ ರಾಗಿ ಬಿತ್ತುವುದು. ಒಂದೆರಡು ಬೆಳೆ ತೆಗೆದು ಆ ಜಾಗ ಬಿಟ್ಟು ಬೇರೆ ಕಡೆ ಹೋಗುವುದು. ಬಿಟ್ಟ ಜಾಗದಲ್ಲಿ ಮತ್ತೆ ಕಾಡು ಏಳುತ್ತಿತ್ತು. ಜನ ಕಡಿಮೆ, ಕಾಡು ವಿಸ್ತಾರ ಇದ್ದಾಗ ಇದು ನಡೆದುಕೊಂಡು ಬಂತು. ಜನ ಹೆಚ್ಚಿದ ಕಡೆ, ಬಿಟ್ಟ ಜಾಗಕ್ಕೆ ಬೇಗ ಬೇಗ ಮರಳಿದ ಕಡೆ, ಹಸಿರು ಕಾಡು ತೆಳುವಾಯಿತು. ಅದನ್ನು ಮುಚ್ಚಿಡಬೇಕಾಗಿಲ್ಲ. ಇಂಗ್ಲಿಷರು ಕುಮರಿಯೇ ಕಾಡಿನ ಶತ್ರು ಎಂದು ತೀರ್ಮಾನಿಸಿದರು. ಅಪ್ಪಣೆ ಇಲ್ಲದೆ ಕುಮರಿ ಮಾಡಕೂಡದೆಂದು 1860ರಲ್ಲಿ ಮದ್ರಾಸ್ ಸರಕಾರ ಆಜ್ಞೆ ಹೊರಡಿಸಿತು. 1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತಕ್ಕೆ ಸೇರಿತು. 1878ರ ಅರಣ್ಯ ಕಾಯ್ದೆ ಬಂದ ಮೇಲೆ ಕಾಡೆಲ್ಲ ಸರಕಾರದ್ದಾಯಿತು, ಕಾಡಿನವನೇ ಕಾಡಿನಲ್ಲಿ ಕಳ್ಳನಾದ.

ಆ ಮೇಲೆ ಏನಾಯಿತು ನೋಡಿರಿ. ಹತ್ತಾರು ಜಾತಿಯ ಮರಗಳಿದ್ದ ಕಾಡನ್ನು ಬುಡಸಮೇತ ಬೋಳಿಸಿ, ಉಳಿದ ಕೊಂಬೆ ಸೊಪ್ಪನ್ನು ಬೇಸಿಗೆಯಲ್ಲಿ ಸುಟ್ಟು, ಆ ಬೂದಿಯಲ್ಲಿ ಸಾಲಾಗಿ ಸಾಗವಾನಿ ಸಸಿ ನೆಡುವ ಪದ್ಧತಿ ಬಂತು. ಕುಣಬಿ ಒಂದು ತುಂಡು ಸುಟ್ಟು ರಾಗಿ ಬಿತ್ತಿದರೆ ಅಪರಾಧ. ದೊಡ್ಡ ದೊಡ್ಡ ಗುಡ್ಡ ಸುಟ್ಟು ಸಾಗವಾನಿ ನೆಟ್ಟರೆ ವಿಜ್ಞಾನ! ಕುಣಬಿಯ ಬೂದಿಯಲ್ಲಿ ನಾಳೆ ಮತ್ತೆ ಕಾಡು ಏಳುತ್ತಿತ್ತು. ಈ ಬೂದಿಯಲ್ಲಿ ಏಳಲು ಬಿಟ್ಟದ್ದು ಒಂದೇ ಮರಕ್ಕೆ. ಸ್ವಾತಂತ್ರ್ಯ ಬಂದ ಮೇಲೂ, 1956ರಲ್ಲಿ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಬಂದ ಮೇಲೂ ಇದು ನಿಲ್ಲಲಿಲ್ಲ, ಜೋರಾಯಿತು. ಹಳಿಯಾಳ, ದಾಂಡೇಲಿ, ಮುಂಡಗೋಡದ ಹಾದಿಯಲ್ಲಿ ಒಂದೇ ಎತ್ತರ, ಒಂದೇ ದಪ್ಪ, ಗೆರೆ ಹೊಡೆದಂತೆ ಸಾಲಾಗಿ ನಿಂತ ಸಾಗವಾನಿ ಕಂಡರೆ, ಅದು ದೇವರು ನೆಟ್ಟ ಕಾಡಲ್ಲ ಎಂದು ಚಕ್ಕಡಿ ಹೊಡೆಯುವ ಹುಡುಗನೂ ಹೇಳಬಲ್ಲ. ಅದರ ಕೆಳಗೆ ಹುಡುಕಿದರೆ ಬೇರೆ ಸಸಿ ಕಡಿಮೆ. ಅಗಲವಾದ ಎಲೆಯ ಮೇಲೆ ಮಳೆ ನೀರು ಕೂಡಿ, ದೊಡ್ಡ ಹನಿಯಾಗಿ ನೆಲಕ್ಕೆ ಬಡಿದು ಮಣ್ಣು ಕೊಚ್ಚುತ್ತದೆ. ಮಾಘ ಮಾಸ ಬರುವಷ್ಟರಲ್ಲಿ ಆ ಎಲೆ ಉದುರಿ ಹಪ್ಪಳದಂತೆ ಒಣಗಿ ಬಿದ್ದಿರುತ್ತದೆ.

ಬಿದಿರಿನ ಪಾಡು ಇದಕ್ಕಿಂತ ಮರುಗುವಂಥದ್ದು. 1955ರಲ್ಲಿ ದಾಂಡೇಲಿಯ ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಅದಕ್ಕೆ ಸರಕಾರ ಬಿದಿರು ಕೊಡಲು ಒಪ್ಪಿದ್ದು ಟನ್ನಿಗೆ ಒಂದೂವರೆ ರೂಪಾಯಿ ದರದಲ್ಲಿ. ಬುಟ್ಟಿ ಹೆಣೆದು ಹೊಟ್ಟೆ ಹೊರೆಯುವ ಮೇದಾರ ಬಂಧುಗಳು ಪೇಟೆಯಲ್ಲಿ ಕೊಡುತ್ತಿದ್ದ ಬೆಲೆಯ ಮುಂದೆ ಇದು ಬೆಲೆಯೇ ಅಲ್ಲ. ಕಾಡಿನಲ್ಲಿ ಬಿದಿರು ಎಂದೂ ಮುಗಿಯದು ಎಂದು ಲೆಕ್ಕ ಹಾಕಿದ್ದರು. ಮುಗಿಯತೊಡಗಿತು. 1970ರ ದಶಕದಲ್ಲಿ ಮಾಧವ ಗಾಡ್ಗೀಳರು ಮತ್ತು ಅವರ ಜೊತೆಯ ವಿಜ್ಞಾನಿಗಳು ಕಾಡು ಸುತ್ತಿ ಎಣಿಸಿ ನೋಡಿದಾಗ, ಕಾಗದದ ಮೇಲೆ ಬರೆದಿದ್ದ ಬಿದಿರು ನೆಲದ ಮೇಲಿದ್ದ ಬಿದಿರಿಗಿಂತ ಹತ್ತು ಪಟ್ಟು ಹೆಚ್ಚಿತ್ತು!

ಅವರು ಕಂಡ ಇನ್ನೊಂದು ಸಂಗತಿ ಪ್ರತಿ ಭಕ್ತನೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದದ್ದು. ಹೆಬ್ಬಿದಿರಿನ ಮೆಳೆಯ ಬುಡದಲ್ಲಿ ಮುಳ್ಳಿನ ಹೆಣಿಗೆ ಇರುತ್ತದೆ. ಹಳ್ಳಿಯವರು ಬಿದಿರು ಕಡಿಯುವಾಗ ಆ ಮುಳ್ಳಿಗೆ ಕೈ ಹಚ್ಚದೆ ಮೇಲಿನಿಂದ ತೆಗೆಯುತ್ತಿದ್ದರು. ಕಾರ್ಖಾನೆಗೆ ಕಡಿಸುವಾಗ ಮುಳ್ಳನ್ನು ಸವರಿ ಮೆಳೆ ಸ್ವಚ್ಛ ಮಾಡುವುದೇ ಸರಿಯಾದ ಕ್ರಮ ಎಂದಾಯಿತು. ಹಾಗೆ ಮಾಡಿದರೆ ಕಡಿಯುವುದೂ ಸುಲಭ, ಹೊಸ ಕಳಲೆಗೂ ಜಾಗ ಎಂದು. ಮಳೆಗಾಲದಲ್ಲಿ ಎದ್ದ ಕಳಲೆಗೆ ಈಗ ಬೇಲಿ ಇರಲಿಲ್ಲ. ದನ ತಿಂದವು, ಮುಳ್ಳುಹಂದಿ ತಿಂದವು, ಮಂಗ ಮುರಿದವು. ಹಳ್ಳಿಯವರು ತಿಳಿಗೇಡಿಗಳು ಎಂದುಕೊಂಡಿದ್ದವರಿಗೆ ಆ ಮುಳ್ಳು ತಾಯಿ ಬಿದಿರು ಮಗುವಿನ ಸುತ್ತ ಹಿಡಿದ ತೋಳು ಎಂದು ಗೊತ್ತಾಗುವಷ್ಟರಲ್ಲಿ ಎಷ್ಟೋ ಮೆಳೆ ಬರಿದಾಗಿದ್ದವು. ಮುಂದೆ ಕಾರ್ಖಾನೆಗೆ ಬೇರೆ ರಾಜ್ಯಗಳಿಂದಲೂ ಬಿದಿರು ತರಿಸಬೇಕಾಯಿತು, ನೀಲಗಿರಿ ನೆಡಬೇಕಾಯಿತು. ಕಾಗದ ಬೇಡವೆಂದು ಹೇಳುವವರು ಯಾರೂ ಇಲ್ಲ. ಈ ಪುಸ್ತಿಕೆಯೂ ಕಾಗದದ್ದೇ. ಸಾವಿರಾರು ಮನೆಗಳ ಒಲೆ ಆ ಕಾರ್ಖಾನೆಯಿಂದ ಉರಿದಿದೆ. ಪ್ರಶ್ನೆ ಇರುವುದು ತೆಗೆದುಕೊಳ್ಳುವ ರೀತಿಯಲ್ಲಿ.

ಚನ್ನಬಸವಣ್ಣನವರನ್ನು ಷಟ್‌ಸ್ಥಲ ಚಕ್ರವರ್ತಿ ಎಂದು ಕರೆಯುತ್ತಾರೆ. ಆರು ಸ್ಥಲಗಳಲ್ಲಿ ಮೂರನೆಯದು ಪ್ರಸಾದಿ ಸ್ಥಲ. ಪ್ರಸಾದ ಎಂದರೆ ಸಕ್ಕರೆ, ಕೊಬ್ಬರಿ ಅಷ್ಟೇ ಎಂದು ತಿಳಿಯಬಾರದು. ಬಂದದ್ದೆಲ್ಲ ಲಿಂಗದಿಂದ ಬಂತು ಎಂಬ ಭಾವ ಪ್ರಸಾದ. ಪ್ರಸಾದವನ್ನು ಕೈಯೊಡ್ಡಿ ತಕ್ಕೊಳ್ಳತಾರ, ಕಸಗೊಳ್ಳೂದಿಲ್ಲ. ತಾಟಿನ್ಯಾಗ ಬಿಡೂದಿಲ್ಲ, ಮಂದಿ ಪಾಲಿಂದು ತಾನು ತಿನ್ನೂದಿಲ್ಲ. ಮೇಲಿನಿಂದ ಬಿದಿರು ತೆಗೆದು ಮುಳ್ಳು ಬಿಟ್ಟ ಹಳ್ಳಿಯವನು ಆ ಸ್ಥಲದ ಹೆಸರು ಕೇಳಿರಲಿಕ್ಕಿಲ್ಲ, ನಡೆದದ್ದು ಮಾತ್ರ ಪ್ರಸಾದಿಯಂತೆ. ಲೆಕ್ಕದ ಪುಸ್ತಕದಲ್ಲಿ ಕಾಡು ಟನ್ನು, ಘನ ಅಡಿ ಆಗಿ ಕಂಡ ದಿನ ಆ ಭಾವ ಹೋಯಿತು. ಒಬ್ಬರ ಮೇಲೆ ಬೆರಳು ತೋರಿಸಿ ಮುಗಿಯುವ ಮಾತಲ್ಲ. ಹಡಗು ಹತ್ತಿದವರು, ರೈಲು ಹತ್ತಿದವರು, ಸಾಗವಾನಿ ಬಾಗಿಲು ಕೂಡಿಸಿದವರು, ಎಲ್ಲರ ಮನೆಯಲ್ಲೂ ಈ ಕಾಡಿನ ಒಂದು ತುಂಡು ಇದೆ.

ಇದರ ಮೇಲೆ ನೀರು. ಕಾಳಿಗೆ ಕಟ್ಟಿದ ಅಣೆಕಟ್ಟುಗಳಲ್ಲಿ ದೊಡ್ಡದು ಸೂಪಾ, 101 ಮೀಟರ್ ಎತ್ತರದ್ದು. ಸೂಪಾ ಎಂಬ ಊರು, ಅದರ ಸುತ್ತಲಿನ ಹಳ್ಳಿಗಳು, ಹೊಳೆದಂಡೆಯ ಕಾಡು 1980ರ ದಶಕದಲ್ಲಿ ನೀರಿನ ಕೆಳಗೆ ಹೋದವು. ತಾಲ್ಲೂಕಿನ ಕಚೇರಿ ಜೋಯಿಡಾಕ್ಕೆ ಬಂತು. ಊರು ಕಳೆದುಕೊಂಡ ಬಹಳ ಜನ ರಾಮನಗರದಲ್ಲಿ ನೆಲೆಸಿದರು. ನಾಡಿಗೆಲ್ಲ ದೀಪ ಹಚ್ಚಿದ ನೀರು ಅದು.

ಇನ್ನು ಬೆಂಕಿ. ಮುಗಿಲೆತ್ತರಕ್ಕೆ ಮರಕ್ಕೆ ಮರ ಹತ್ತಿ ಉರಿಯುವ ಬೆಂಕಿಯನ್ನು ಜನ ಟಿ.ವಿ.ಯಲ್ಲಿ ಪರದೇಶದ ಸುದ್ದಿಯಲ್ಲಿ ನೋಡಿರುತ್ತಾರೆ. ಇಲ್ಲಿಯ ಬೆಂಕಿ ಹೆಚ್ಚಾಗಿ ಹಾಗಲ್ಲ. ಅದು ನೆಲ ಹಿಡಿದು ಬರುತ್ತದೆ, ಮೊಣಕಾಲೆತ್ತರ, ಒಣ ಎಲೆ, ಒಣ ಹುಲ್ಲು ಮೇಯುತ್ತ. ದೊಡ್ಡ ಮರ ನಿಂತೇ ಇರುತ್ತದೆ. ಮತ್ತಿ ಮರಕ್ಕೆ ಮೊಸಳೆಯ ಚರ್ಮದಂತಹ ದಪ್ಪ ತೊಗಟೆ, ಅದು ತಡೆದುಕೊಳ್ಳುತ್ತದೆ. ಸಾಗವಾನಿ ಸುಟ್ಟರೂ ಬೇರಿನಿಂದ ಚಿಗುರುತ್ತದೆ. ಮಳೆ ಬಿದ್ದ ಮೇಲೆ ಎಲ್ಲ ಹಸಿರಾಗಿ, ಏನೂ ಆಗಿಲ್ಲವೆಂದು ಕಾಣುತ್ತದೆ. ಸತ್ತದ್ದು ಕಣ್ಣಿಗೆ ಕಾಣದ್ದು: ಆ ವರ್ಷ ಹುಟ್ಟಿದ ಸಸಿ, ನೆಲದ ಮೇಲಿನ ಬೀಜ, ಎಲೆಯ ಕೆಳಗಿನ ಹುಳು, ನೆಲದಲ್ಲಿ ಗೂಡು ಮಾಡಿದ ಹಕ್ಕಿಯ ಮೊಟ್ಟೆ. ನೇರಳೆ, ರಾಮಪತ್ರೆಯಂತಹ ಹಸಿರು ಕಾಡಿನ ಮರಗಳ ಸಸಿಗೆ ತೆಳು ತೊಗಟೆ; ಒಂದೇ ಬೆಂಕಿಗೆ ಅವು ಹೋಗುತ್ತವೆ. ವರ್ಷಾ ವರ್ಷಾ ಬೆಂಕಿ ಬಿದ್ದ ಕಾಡು ಬರೀ ಮುದುಕರೇ ಉಳಿದ ಊರಿದ್ದಂತೆ. ಮನೆ ಇವೆ, ತೊಟ್ಟಿಲಿಲ್ಲ. ಮುದುಕರು ಬಿದ್ದ ದಿನ ಆ ಜಾಗಕ್ಕೆ ಬರುವುದು ಲಂಟಾನ, ಕಮ್ಯುನಿಸ್ಟ್ ಗಿಡ. ಆ ಕಳೆಯೂ ಬೇಸಿಗೆಗೆ ಒಣಗಿ ಮುಂದಿನ ಬೆಂಕಿಗೆ ಕಟ್ಟಿಗೆಯಾಗುತ್ತದೆ. ಮೊದಲು ಕೊಡಲಿ ಬಂದು ಮೇಲಿನ ನೆರಳು ತೆಗೆಯಿತು, ಬಿಸಿಲು ನೆಲಕ್ಕೆ ಬಿದ್ದು ಹುಲ್ಲು ಎದ್ದಿತು, ಹುಲ್ಲಿಗೆ ಬೆಂಕಿ ಬಂತು. ಒಂದು ಕಾಲದಲ್ಲಿ ಬೆಂಕಿಯೇ ಹೊಕ್ಕದ ಹಸಿ ಕಾಡಿನ ಅಂಚೂ ಹೀಗೆ ಸ್ವಲ್ಪ ಸ್ವಲ್ಪವೇ ಒಣ ಕಾಡಾಯಿತು.

ಸುಟ್ಟ ಗುಡ್ಡದ ಮೇಲೆ ಮೊದಲ ಮಳೆ ಬಿದ್ದರೆ ನೀರು ಇಂಗುವುದಿಲ್ಲ, ಬೂದಿ ಮಣ್ಣು ಹೊತ್ತು ಹಳ್ಳಕ್ಕೆ ಓಡುತ್ತದೆ. ಚಿಲುಮೆಯಲ್ಲಿ, ಗವಿಯ ಕಲ್ಲಿನಲ್ಲಿ ತೊಟ್ಟಿಕ್ಕುವ ನೀರನ್ನು ತೀರ್ಥವೆಂದು ಕಣ್ಣಿಗೆ ಒತ್ತಿಕೊಳ್ಳುವ ಭಕ್ತರು, ಆ ನೀರು ಮೇಲಿನ ಗುಡ್ಡದ ಎಲೆಯ ಹಾಸಿಗೆಯಲ್ಲಿ ಹಿಂದಿನ ಮಳೆಗಾಲ ಇಂಗಿದ್ದು ಎಂಬುದನ್ನು ನೆನೆಯಬೇಕು.

ದಾಂಡೇಲಿಯ ಸೀಮೆಯಲ್ಲಿ ಮಂಗಟ್ಟೆ ಎಂಬ ದೊಡ್ಡ ಕೊಕ್ಕಿನ ಹಕ್ಕಿ ಇದೆ. ಮಾಘ ಮಾಸದ ಸುಮಾರಿಗೆ ಹೆಣ್ಣು ಹಕ್ಕಿ ಹಳೆಯ ಮರದ ಪೊಟರೆ ಹೊಕ್ಕು, ಒಳಗಿನಿಂದ ಬಾಗಿಲು ಮೆತ್ತಿಕೊಂಡು, ಕೊಕ್ಕು ತೂರುವಷ್ಟೇ ಸೀಳು ಬಿಟ್ಟುಕೊಂಡು ಕೂಡುತ್ತದೆ. ಎರಡು ಮೂರು ತಿಂಗಳು ಹೊರಗೆ ಬರುವುದಿಲ್ಲ. ಗಂಡು ಹಕ್ಕಿ ಆಲ, ಬಸರಿ, ಅತ್ತಿಯ ಹಣ್ಣು ಹೊಟ್ಟೆಯಲ್ಲಿ ತುಂಬಿಕೊಂಡು ಬಂದು ಒಂದೊಂದೇ ಉಣಿಸುತ್ತದೆ. ಮೊದಲು ತಾಯಿಗೆ, ಆಮೇಲೆ ಮರಿಗೆ. ಇಂಥ ದಾಸೋಹ ಮಾಡುವ ಹಕ್ಕಿಗೆ ಬೇಕಾದದ್ದು ಮುದಿ ಮರ. ಕೊಡಲಿಯವನ ಕಣ್ಣು ಮೊದಲು ಬಿದ್ದದ್ದೂ ದೊಡ್ಡ ಮರದ ಮೇಲೆಯೇ. ಉಳಿದ ಪೊಟರೆ ಮರಕ್ಕೆ ಬೆಂಕಿ ತಾಗಿದರೆ ಅದು ಹೊಗೆಗೂಡಿನಂತೆ ಒಳಗಿನಿಂದ ಉರಿಯುತ್ತದೆ. ಬಾಗಿಲು ಮೆತ್ತಿಕೊಂಡ ತಾಯಿ ಎಲ್ಲಿಗೆ ಹೋಗಬೇಕು?

ಈ ಬೆಂಕಿ ಆಕಾಶದಿಂದ ಬಿದ್ದದ್ದಲ್ಲ. ಬಿದಿರಿಗೆ ಬಿದಿರು ತಿಕ್ಕಿ ಹೊತ್ತಿತು ಎಂದು ಹಿಂದಿನಿಂದ ಹೇಳುತ್ತಾರೆ, ಆದರೆ ಈ ಸೀಮೆಯಲ್ಲಿ ಹತ್ತುವ ಬೆಂಕಿಯ ಹಿಂದೆ ಹೆಚ್ಚಾಗಿ ಮನುಷ್ಯನ ಕೈ ಇರುತ್ತದೆ. ಹೊಸ ಹುಲ್ಲು ಬೇಗ ಚಿಗುರಲಿ ಎಂದು ಹಚ್ಚಿದ್ದು, ಜೇನು ಬಿಡಿಸುವಾಗ ಬಿದ್ದ ಸೂಡಿ, ಹೊಲದ ಬದುವಿಗೆ ಹಚ್ಚಿ ಮರೆತದ್ದು, ಸೇದಿ ಎಸೆದ ಬೀಡಿ, ಅಡಿಗೆ ಮಾಡಿ ಹಾಗೇ ಬಿಟ್ಟು ಹೋದ ಒಲೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡು ಸುಟ್ಟುಹೋದದ್ದನ್ನು ಇಡೀ ನಾಡು ನೋಡಿತು.

ಉಳವಿಯ ಜಾತ್ರೆ ಬರುವುದೂ ಭಾರತ ಹುಣ್ಣಿಮೆಗೆ. ಎಲೆ ಉದುರಿ, ಹುಲ್ಲು ಒಣಗಿ, ಕಾಡು ಕಡ್ಡಿಪೆಟ್ಟಿಗೆಯಂತೆ ಆಗುವ ಹೊತ್ತು. ಅದೇ ಹೊತ್ತಿನಲ್ಲಿ ಧಾರವಾಡ, ಬೆಳಗಾವಿ, ಹಾವೇರಿ ಕಡೆಯಿಂದ ಚಕ್ಕಡಿಗಳು ಸಾಲುಗಟ್ಟಿ, ಕೊರಳ ಗೆಜ್ಜೆ ಕುಣಿಸುತ್ತ, ಹರ ಹರ ಮಹಾದೇವ ಎನ್ನುತ್ತ ಈ ಕಾಡಿನ ನಡುವೆ ಹಾಯುತ್ತವೆ. ರಾತ್ರಿ ಹಳ್ಳದ ದಂಡೆಗೆ ಎತ್ತು ಬಿಚ್ಚಿ, ಕಣಿಕಿ ಹಾಕಿ, ಮೂರು ಕಲ್ಲು ಹೂಡಿ ಅಡಿಗೆ. ಚಂದಂದ್ರ ಚಂದ, ಅದನ್ನು ಬಿಟ್ಟು ಜಾತ್ರೆ ಇಲ್ಲ. ಬುತ್ತಿ ರೊಟ್ಟಿಯ ಜೊತೆಗೆ ಬಿಸಿ ಹುಗ್ಗಿ ಮಾಡಿ ಅಪರಿಚಿತರನ್ನೂ ಕರೆದು ಉಣಿಸುವ ಆ ಒಲೆಯೇ ದಾಸೋಹದ ಒಲೆ. ಕಲ್ಲಿನ ನಡುವೆ ಇದ್ದಾಗ ಬೆಂಕಿ ಅನ್ನ ಕೊಡುತ್ತದೆ. ಕಲ್ಲು ದಾಟಿದ ಮೇಲೆ ಅದಕ್ಕೆ ಗುರು ಇಲ್ಲ, ಲಿಂಗ ಇಲ್ಲ.

ಕಾಡಿಗೆ ಒಳ್ಳೆಯ ದಿನಗಳೂ ಬಂದಿವೆ, ಅದನ್ನೂ ಹೇಳಬೇಕು. 1956ರಲ್ಲಿ ದಾಂಡೇಲಿ ವನ್ಯಧಾಮವಾಯಿತು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಸೀಮೆಯ ಸಾಲ್ಕಣಿಯ ಹಳ್ಳಿಗರು, ಹೆಣ್ಣುಮಕ್ಕಳು ಕೂಡ, ಕಡಿಯಲು ಬಂದ ಮರಗಳನ್ನು ಅಪ್ಪಿಕೊಂಡು ನಿಂತರು. ಅದೇ ಅಪ್ಪಿಕೋ ಚಳವಳಿ. ಆ ದಶಕದಲ್ಲಿ ಬೋಳು ಕಡಿತ, ಹಸಿ ಮರದ ಕಡಿತ ಹಂತಹಂತವಾಗಿ ನಿಂತವು. 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನವಾಯಿತು, 2007ರಲ್ಲಿ ದಾಂಡೇಲಿ ಅಣಶಿ ಸೇರಿ ಹುಲಿ ಸಂರಕ್ಷಿತ ಪ್ರದೇಶವಾಯಿತು, 2015ರಿಂದ ಅದಕ್ಕೆ ಕಾಳಿ ತಾಯಿಯ ಹೆಸರು. 2011ರಲ್ಲಿ ಮಂಗಟ್ಟೆಗಾಗಿಯೇ ದಾಂಡೇಲಿಯಲ್ಲಿ ಒಂದು ಸಂರಕ್ಷಣಾ ಮೀಸಲು ಘೋಷಣೆಯಾಯಿತು. ದಾಂಡೇಲಿಯ ಹಳೆಯ ನಾಟಾ ಡಿಪೋದ ಮರಗಳ ಮೇಲೆಯೇ ಇಂದು ಮಂಗಟ್ಟೆಗಳು ಬಂದು ಕೂಡುತ್ತವೆ, ನೋಡಲು ದೂರದ ಊರಿನ ಜನ ಬರುತ್ತಾರೆ. ಕೆಲವು ವರ್ಷ ಬೆಂಕಿ ಬೀಳದ ಸಾಗವಾನಿ ತೋಪಿನೊಳಗೆ ಇಣುಕಿದರೆ ಸಾಲಿನ ನಡುವೆ ಮತ್ತಿ, ಹೊನ್ನೆ, ನೇರಳೆಯ ಸಸಿ ತಾವಾಗಿ ಎದ್ದಿರುತ್ತವೆ. ಯಾರೂ ನೆಟ್ಟದ್ದಲ್ಲ. ಗಾಳಿ ತಂದದ್ದು, ಹಕ್ಕಿ ಉಗುಳಿದ್ದು. ಅವು ಮೊಣಕಾಲೆತ್ತರ ದಾಟಿ ಆಳೆತ್ತರ ಆಗಲು ಬೇಕಾದದ್ದು ಬೆಂಕಿ ಇಲ್ಲದ ನಾಲ್ಕಾರು ಬೇಸಿಗೆ.

ಬೇಸಿಗೆ ಬಂತೆಂದರೆ ಅರಣ್ಯ ಇಲಾಖೆಯ ಕಾವಲುಗಾರರು ಬೆಂಕಿ ರೇಖೆ ಬಳಿದು, ಹಸಿ ಸೊಪ್ಪು ಹಿಡಿದು ಹಗಲು ರಾತ್ರಿ ಓಡುತ್ತಾರೆ. ಅವರಲ್ಲಿ ಬಹಳ ಮಂದಿ ಇದೇ ಕಾಡಿನ ಹಳ್ಳಿಯವರು. ಹಾದಿಯಲ್ಲಿ ಅವರು ನಿಲ್ಲಿಸಿ ಏನಾದರೂ ಹೇಳಿದರೆ ಸಿಟ್ಟಿಗೇಳಬಾರದು, ಅವರೂ ಚನ್ನಬಸವಣ್ಣನ ಸೇವಕರೇ.

ಇಳಿದುಕೊಳ್ಳಲು ಗೊತ್ತುಮಾಡಿದ ಜಾಗದಲ್ಲೇ ಒಲೆ ಹೂಡಬೇಕು. ಹೂಡುವ ಮೊದಲು ಸುತ್ತಲಿನ ಎಲೆ, ಹುಲ್ಲನ್ನು ಎರಡು ಮಾರು ದೂರ ಗುಡಿಸಿ, ಬರಿ ನೆಲ ಕಾಣಿಸಬೇಕು. ಮರದ ಬುಡದಲ್ಲಿ, ಬಿದಿರು ಮೆಳೆಯ ಹತ್ತಿರ ಹೂಡಬಾರದು. ಗಾಳಿ ಎದ್ದರೆ ಉರಿ ತಗ್ಗಿಸಬೇಕು. ಎತ್ತು ತಿಂದು ಬಿಟ್ಟ ಕಣಿಕಿಯ ರಾಶಿ ಒಲೆಯ ಪಕ್ಕ ಇರಕೂಡದು. ಕರ್ಪೂರ ಹಚ್ಚುವುದು ಗುಡಿಯಲ್ಲಿ, ಹಾದಿಯ ಮರದ ಬುಡದಲ್ಲಲ್ಲ. ಬೀಡಿ ಸಿಗರೇಟಿನ ಚಟ ಇದ್ದವರು ಜಾತ್ರೆ ಮುಗಿಯುವ ತನಕ ಅದನ್ನು ಬಿಟ್ಟರೆ ಅದೇ ಒಂದು ಹರಕೆ. ಮುಂಜಾನೆ ಹೊರಡುವಾಗ ಕೊಡದಲ್ಲಿ ಉಳಿದ ನೀರನ್ನು ಒಲೆಗೆ ಸುರಿದು, ಕೋಲಿನಿಂದ ಕೆದಕಿ, ಮತ್ತೆ ಸುರಿದು, ಮೇಲೆ ಮಣ್ಣು ಎಳೆಯಬೇಕು. ಮನೆಯ ಹಿರಿಯ ಹೆಣ್ಣುಮಗಳು ಬೂದಿಯ ಮೇಲೆ ಅಂಗೈ ಇಟ್ಟು ನೋಡಿ, "ತಣ್ಣಗಾಗೈತಿ, ಹೂಡ್ರಪಾ ಎತ್ತು" ಅಂದ ಮೇಲೆಯೇ ಚಕ್ಕಡಿ ಕದಲಬೇಕು.